ನೆಲಮಾಳಿಗೆಯ ಬೀರು

ಆಸ್ಪತ್ರೆಯ ಲಿಫ್ಟಿನಿಂದ ನೆಲಮಾಳಿಗೆಯಲ್ಲಿ ಇಳಿದು ಎಡಕ್ಕೆ ತಿರುಗಿದರೆ ಮೊದಲು ಒಗೆದ ಹೊದಿಕೆಗಳ ಕೋಣೆ, ಅದರಾಚೆ ಹಳೆಯ ಕೇಸ್ ಶೀಟುಗಳ ಕೋಣೆ, ಎಲ್ಲಕ್ಕೂ ಕೊನೆಯಲ್ಲಿ ಗಾಜಿನ ಬಾಗಿಲಿನ ಒಂದು ಕೋಣೆ. ಬಾಗಿಲ ಮೇಲೆ 'ಗ್ರಂಥಾಲಯ' ಎಂದು ಬರೆದಿತ್ತು. ಅಲ್ಲಿ ಹನ್ನೊಂದು ವರ್ಷಗಳಿಂದ ಒಬ್ಬಳೇ ಕುಳಿತು ಕೆಲಸ ಮಾಡುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಶಾಲೆಯಲ್ಲಿ ಅವಳನ್ನು ಎಲ್ಲರೂ 'ಬೀರು' ಎಂದೇ ಕರೆಯುತ್ತಿದ್ದರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಏಳನೆಯ ತರಗತಿಯಲ್ಲಿ ಕೊನೆಯ ಬೆಂಚಿನ ಪಕ್ಕಕ್ಕೆ ಪುಸ್ತಕದ ಬೀರು ಇತ್ತು. ಅದರ ಬೀಗದ ಕೈ ಅವಳ ಬಳಿ ಇರುತ್ತಿತ್ತು. ಯಾವ ಪುಸ್ತಕ ಯಾವ ಸಾಲಿನಲ್ಲಿದೆ, ಯಾವ ಪುಟ ಹರಿದಿದೆ, ಹರಿದ ಮಹಾನುಭಾವ ಯಾರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಒಮ್ಮೆ ನಾನು ಪಾಠದ ಭರದಲ್ಲಿ ತಿಮಿಂಗಿಲವನ್ನು ಮೀನೆಂದು ಹೇಳಿಬಿಟ್ಟೆ. ಬೇರೆ ಮಕ್ಕಳಾಗಿದ್ದರೆ ಕಿಸಕ್ಕೆಂದು ನಗುತ್ತಿದ್ದರು. ಅವಳು ನಗಲಿಲ್ಲ. ಗಂಟೆ ಹೊಡೆದ ಮೇಲೆ, ಎಲ್ಲರೂ ಹೊರಗೆ ಹೋದ ಮೇಲೆ, ಒಂದು ಪುಸ್ತಕವನ್ನು ಸರಿಯಾದ ಪುಟಕ್ಕೆ ತೆರೆದು ನನ್ನ ಮೇಜಿನ ಮೇಲಿಟ್ಟು, "ಸಾರ್, ಇದನ್ನ ಒಮ್ಮೆ ಓದಿ" ಎಂದಷ್ಟೇ ಹೇಳಿ ಹೋದಳು. ನಾನು ಓದಿದೆ. ಮರುದಿನ ತರಗತಿಯಲ್ಲಿ ತಪ್ಪನ್ನು ತಿದ್ದಿಕೊಂಡೆ. ಆ ವಿಷಯ ನಮ್ಮಿಬ್ಬರ ನಡುವೆಯೇ ಉಳಿಯಿತು.

ನಮ್ಮ ಭಾವನವರನ್ನು ಆ ಆಸ್ಪತ್ರೆಗೆ ಸೇರಿಸಿದ ದಿನ ಅವಳು ಲಿಫ್ಟಿನಲ್ಲಿ ಸಿಕ್ಕಿದಳು. ತಲೆಯಲ್ಲಿ ನರೆ ಇಣುಕುತ್ತಿತ್ತು. ಕಣ್ಣು ಮಾತ್ರ ಅದೇ ಕಣ್ಣು. ಅಲ್ಲಿಯೇ ಕಾಲು ಮುಟ್ಟಲು ಬಗ್ಗಿದಳು. ನಾನು ಬೇಡವೆಂದು ತಡೆದೆ.

"ಇಲ್ಲಿ ಏನು ಕೆಲಸಮ್ಮ?" ಎಂದು ಕೇಳಿದೆ.

"ಅದೇ ಸಾರ್, ಬೀರು ಕಾಯೋ ಕೆಲಸ. ಬೀರು ಸ್ವಲ್ಪ ದೊಡ್ಡದಾಗಿದೆ ಅಷ್ಟೆ. ಡಾಕ್ಟರುಗಳು, ಸಿಸ್ಟರುಗಳು ಏನಾದ್ರೂ ಕೇಳಿದ್ರೆ ಹುಡುಕಿ ಕೊಡ್ತೀನಿ."

"ತುಂಬಾ ಜನ ಬರ್ತಾರಾ?"

"ಡಾಕ್ಟರುಗಳು ಬರ್ತಾರೆ. ಸಿಸ್ಟರುಗಳು ಹನ್ನೊಂದು ವರ್ಷದಲ್ಲಿ ಮೂರು ಸಲ ಬಂದಿದ್ದಾರೆ ಸಾರ್. ಒಮ್ಮೆ ಸ್ಟೇಪ್ಲರ್ ಕೇಳ್ಕೊಂಡು. ಒಮ್ಮೆ ಕಪಾಟಿಗೆ ಹಾಸೋದಕ್ಕೆ ಹಳೇ ಪೇಪರ್ ಕೇಳ್ಕೊಂಡು. ಮೂರನೇ ಸಲ ದಾರಿ ತಪ್ಪಿ."

ಅವಳು ನಕ್ಕಳು, ನಾನೂ ನಕ್ಕೆ. ಆ ನಗುವಿನ ಹಿಂದೆ ಏನಿದೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಭಾವನವರು ಐವತ್ತು ವರ್ಷ ದರ್ಜಿಯಾಗಿದ್ದವರು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ನಿಂತುಹೋಗಿದ್ದವು. ಗುಟುಕು ನೀರು ಕೊಟ್ಟರೂ ಶ್ವಾಸಕೋಶಕ್ಕೆ ಹೋಗಬಹುದೆಂದು ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ಕೊಳವೆ ಹಾಕಿದ್ದರು. ಗಂಜಿ, ನೀರು, ಔಷಧ ಎಲ್ಲವೂ ಅದರಲ್ಲಿಯೇ. ಆದರೂ ಅವರ ಎಡಗೈಗೆ ಬುದ್ಧಿ ಪೂರ್ತಿ ಇತ್ತು. ಡಾಕ್ಟರು ಬಗ್ಗಿ ಪರೀಕ್ಷೆ ಮಾಡುವಾಗ ಅವರ ಬಿಳಿ ಕೋಟಿನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು, ಹೊಲಿಗೆ ನೋಡಿ, 'ಛೆ' ಎನ್ನುವಂತೆ ಕೈಯಾಡಿಸಿದರು. ಅಷ್ಟು ಸಾಕಾಗಿತ್ತು ನಮ್ಮಕ್ಕನಿಗೆ. "ಇವರು ಉಳೀತಾರೆ ಬಿಡೋ. ಇನ್ನೂ ಬೇರೆಯವರ ಹೊಲಿಗೇಲಿ ತಪ್ಪು ಹುಡುಕ್ತಿದ್ದಾರೆ" ಎಂದು ಕಣ್ಣೊರೆಸಿಕೊಂಡು ನಕ್ಕಳು.

ಹಗಲಿನ ಸರದಿ ನನ್ನದು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಹಣೆಯಲ್ಲಿ ಬೆವರು. ಎಡಗೈ ಹಾಸಿಗೆಯ ಮೇಲೆ ಸತ್ತಂತೆ ಬಿತ್ತು. ಸಿಸ್ಟರು ಓಡಿಬಂದು ರಕ್ತದ ಒತ್ತಡ ನೋಡಿದರೆ ಮೇಲಿನ ಅಂಕಿ ಎಂಬತ್ತಕ್ಕೆ ಇಳಿದಿತ್ತು. ಕಾಲು ಎತ್ತರಿಸಿ, ಸಲೈನ್ ಜೋರು ಮಾಡಿ, ಹೇಗೋ ಮೇಲೆ ತಂದರು. ಅದೇ ದಿನ ಸಂಜೆ ಒತ್ತಡ ನೂರ ತೊಂಬತ್ತಕ್ಕೆ ಏರಿತು. ಶನಿವಾರ ಹೀಗೆಯೇ ಆಯಿತು. ಭಾನುವಾರವೂ ಹಾಗೆಯೇ, ಅದೂ ಎಪ್ಪತ್ತಕ್ಕೆ. ಆ ಸಲ ಅವರು ಕಣ್ಣು ಬಿಡಲು ಮುಕ್ಕಾಲು ಗಂಟೆ ಬೇಕಾಯಿತು.

ಡಾಕ್ಟರು ಹಣೆ ತಿಕ್ಕಿಕೊಂಡರು. "ಬೆಳಿಗ್ಗೆ ಬೀಳೋದು ಎಲ್ಲೋ ಸೋಂಕಿರೋದಕ್ಕೆ ಇರಬಹುದು, ಅದಕ್ಕೆ ಔಷಧ ಶುರು ಮಾಡಿದ್ದೀನಿ. ಸಂಜೆ ಹೀಗೆ ಏರೋದು ಇನ್ನೂ ಅಪಾಯ. ಮೆದುಳಲ್ಲಿ ಮತ್ತೆ ನರ ಒಡೀಬಹುದು. ನಾಳೆಯಿಂದ ಒತ್ತಡದ ಮಾತ್ರೆ ಒಂದರ ಬದಲು ಎರಡು ಕೊಡಿ" ಎಂದು ಬರೆದರು. ಹೊರಡುವಾಗ ನನ್ನ ಭುಜ ಮುಟ್ಟಿ ಮೆಲ್ಲಗೆ ಹೇಳಿದರು: "ಇವತ್ತಿನ ಹಾಗೆ ಇನ್ನೊಂದು ಸಲ ಆದ್ರೆ ಮೇಲೆತ್ತೋದು ಕಷ್ಟ, ಮೇಷ್ಟ್ರೇ. ಮನೆಯವರಿಗೆ ಹೇಳಿಡಿ."

ನಮ್ಮಕ್ಕನಿಗೆ ನಾನು ಹೇಳಲಿಲ್ಲ. ಹೇಳುವ ಧೈರ್ಯವಾಗಲಿಲ್ಲ.

ಬೆಳಗಿನ ಪಾಳಿಯಲ್ಲಿದ್ದ ಸಿಸ್ಟರು ಎಡಗೈಯವರು. ಸೂಜಿ, ಪೆನ್ನು, ಕತ್ತರಿ ಎಲ್ಲವೂ ಎಡಗೈಯಲ್ಲಿ. ವಾರ್ಡಿನವರೆಲ್ಲ 'ಎಡಗೈ ಸಿಸ್ಟರ್' ಎನ್ನುತ್ತಿದ್ದರು. ಮಾತು ಕಡಿಮೆ. ಆ ಭಾನುವಾರ ಪಾಳಿ ಮುಗಿಯುವ ಹೊತ್ತಿಗೆ ಅವರು ಭಾವನವರ ಕೇಸ್ ಶೀಟನ್ನು ಹಿಡಿದು ಮಂಚದ ಕಾಲ ಬಳಿ ಬಹಳ ಹೊತ್ತು ನಿಂತಿದ್ದರು.

"ಮೇಷ್ಟ್ರೇ, ಈ ಒತ್ತಡದ ಮಾತ್ರೆ ಇವರಿಗೆ ಹೊಸದಾ?"

"ಇಲ್ಲಮ್ಮ. ಆರು ವರ್ಷದಿಂದ ದಿನಕ್ಕೊಂದು ನುಂಗ್ತಿದ್ರು. ಒಂದು ದಿನಾನೂ ತಲೆ ಸುತ್ತಿದೆ ಅಂದವರಲ್ಲ."

"ನುಂಗ್ತಿದ್ರು" ಎಂದು ಅವರು ನನ್ನ ಮಾತನ್ನೇ ಮತ್ತೆ ಹೇಳಿದರು. "ಇಲ್ಲಿ ನುಂಗೋದಕ್ಕಾಗಲ್ಲ. ನಾವು ಕುಟ್ಟಿ ಪುಡಿ ಮಾಡಿ, ನೀರಲ್ಲಿ ಕಲಸಿ, ಕೊಳವೇಲಿ ಹಾಕ್ತೀವಿ. ಒಂಬತ್ತಕ್ಕೆ ಹಾಕ್ತೀವಿ, ಹತ್ತಕ್ಕೆ ಬೀಳ್ತಾರೆ. ಮೂರು ದಿನವೂ."

ನಾನು ಬಗ್ಗಿ ಕೇಸ್ ಶೀಟಿನ ಅಂಕಿಗಳನ್ನು ನೋಡಿದೆ.

ಅವರು ಸುಮ್ಮನೆ ಕುಳಿತವರಲ್ಲ. ಔಷಧದ ಕೌಂಟರಿಗೆ ಫೋನು ಮಾಡಿದ್ದರು. ಭಾನುವಾರ ಅಲ್ಲಿದ್ದವನು, "ಚೀಟೀಲಿ ಬರೆದಿದ್ದು ಕೊಡ್ತೀವಿ ಸಿಸ್ಟರ್, ಹೇಗೆ ಕೊಡಬೇಕು ಅನ್ನೋದು ನಿಮಗೇ ಗೊತ್ತಿರಬೇಕು" ಎಂದನಂತೆ. ಡಾಕ್ಟರನ್ನು ಮೆಟ್ಟಿಲ ಬಳಿ ಹಿಡಿದು ಕೇಳಿದರೆ, ಅವಸರದಲ್ಲಿದ್ದ ಅವರು, "ನುಂಗಿದರೇನು, ಕುಟ್ಟಿದರೇನು, ಹೊಟ್ಟೆಗೆ ಹೋದ್ರೆ ಸರಿ" ಎಂದು ಇಳಿದುಹೋದರಂತೆ. ಹೆಡ್ ಸಿಸ್ಟರಂತೂ ಬೈದೇಬಿಟ್ಟಿದ್ದರು: "ಇಪ್ಪತ್ತೆಂಟು ವರ್ಷದಿಂದ ಮಾತ್ರೆ ಕುಟ್ತಿದ್ದೀನಿ. ನಿನ್ನೆ ಮೊನ್ನೆ ಬಂದ ನೀನು ನನಗೆ ಕುಟ್ಟೋದು ಕಲಿಸ್ತೀಯಾ?"

"ಫೋನಲ್ಲೂ ಹುಡುಕಿದೆ, ಮೇಷ್ಟ್ರೇ. ಒಂದು ಕಡೆ ಕುಟ್ಟಬಹುದು ಅಂತಿದೆ, ಇನ್ನೊಂದು ಕಡೆ ಕುಟ್ಟಲೇಬಾರದು ಅಂತಿದೆ. ಯಾವುದನ್ನ ನಂಬಲಿ? ಮಾತ್ರೆ ಕೊಡದೆ ಇದ್ದು ಸಂಜೆ ನರ ಒಡೆದ್ರೆ ಅದಕ್ಕೂ ನಾನೇ ಹೊಣೆ."

ಆಗ ನನಗೆ ಬೀರು ನೆನಪಾದಳು.

"ಕೆಳಗೆ ಗ್ರಂಥಾಲಯ ಇದೆಯಲ್ಲಮ್ಮ. ಅಲ್ಲಿ ಕೇಳಿದ್ರಾ?"

"ಎಲ್ಲಿ ಕೆಳಗೆ?"

"ನೆಲಮಾಳಿಗೇಲಿ. ಹೊದಿಕೆ ಕೋಣೆ ದಾಟಿ."

"ಹೊದಿಕೆ ತರೋದಕ್ಕೆ ವಾರಕ್ಕೆ ಎರಡು ಸಲ ಹೋಗ್ತೀನಿ. ಆ ಗಾಜಿನ ಬಾಗಿಲಾ? ಅದು ಡಾಕ್ಟರುಗಳು ಪರೀಕ್ಷೆಗೆ ಓದೋ ಜಾಗ ಅಲ್ವಾ?" ಎಂದರು ಎಡಗೈ ಸಿಸ್ಟರ್. ಆ ಆಸ್ಪತ್ರೆಯಲ್ಲಿ ಅವರಿಗೆ ಒಂಬತ್ತು ವರ್ಷ ಸೇವೆಯಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಹಿತ್ತಲು ಇರುವುದೇ ಗೊತ್ತಿರಲಿಲ್ಲ. ಅವರನ್ನು ದೂರುವ ಹಕ್ಕು ನನಗೂ ಇಲ್ಲ. ನಾಲ್ಕು ದಿನ ಅದೇ ಕಟ್ಟಡದಲ್ಲಿ ಕುಳಿತಿದ್ದ ನನಗೇ ಹೊಳೆದಿರಲಿಲ್ಲ.

ಭಾನುವಾರ ಗ್ರಂಥಾಲಯಕ್ಕೆ ರಜೆ. ಸೋಮವಾರ ತೆರೆಯುವುದು ಒಂಬತ್ತಕ್ಕೆ. ಮಾತ್ರೆಯ ಹೊತ್ತೂ ಒಂಬತ್ತೇ.

"ಹೊತ್ತು ಮೀರಿ ಅರ್ಧ ಗಂಟೆ ತನಕ ಕೊಡಬಹುದು ಅಂತ ನಿಯಮ ಇದೆ. ಒಂಬತ್ತೂವರೆ ತನಕ ನಾನು ಹೇಗಾದ್ರೂ ತಳ್ತೀನಿ. ಆಮೇಲೆ ನನ್ನ ಕೈಲಿಲ್ಲ" ಎಂದರು ಅವರು.

ಸೋಮವಾರ ಎಂಟು ಗಂಟೆಗೆ ನಾನು ಆ ಗಾಜಿನ ಬಾಗಿಲಿನ ಮುಂದೆ ನಿಂತಿದ್ದೆ. ಹೊದಿಕೆಯ ಗಾಡಿಗಳು ಬಂದವು, ಹೋದವು. ಎಂಟೂವರೆಯಾಯಿತು. ಮೂವತ್ತೈದು ವರ್ಷಗಳ ಕಾಲ, ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿದ್ದವನು ನಾನು. ಅಂದು ನಾನು ಬಾಗಿಲಲ್ಲಿ ನಿಂತು ಒಬ್ಬ ವಿದ್ಯಾರ್ಥಿನಿ ಬೇಗ ಬರಲೆಂದು ಬೇಡಿಕೊಳ್ಳುತ್ತಿದ್ದೆ. ಒಂಬತ್ತಕ್ಕೆ ಎಂಟು ನಿಮಿಷವಿದ್ದಾಗ ಬೀರು ಊಟದ ಚೀಲ ಹಿಡಿದು ಬಂದಳು. ನಾನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ.

ಅವಳು ಬೀಗ ತೆಗೆದು, ದೀಪ ಹಾಕಿ, ಕಂಪ್ಯೂಟರಿನ ಗುಂಡಿ ಒತ್ತಿ, ನನ್ನ ಕಡೆ ತಿರುಗಿದಳು. "ಸಾರ್, ತಪ್ಪು ತಿಳ್ಕೋಬೇಡಿ. ಇದಕ್ಕೆ ನಾನು ನಿಮಗೆ ಉತ್ತರ ಕೊಡಬಾರದು. ರೋಗಿಯ ವಿಷಯ ಕೇಳಬೇಕಾದವರು ಔಷಧ ಕೊಡುವವರು. ಮಾತ್ರೆಯ ಸರಿಯಾದ ಹೆಸರು ನಿಮಗೆ ಗೊತ್ತಾ?"

"ಕೆಂಪು ಮಾತ್ರೆ" ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು.

ಅವಳು ನಗಲಿಲ್ಲ. ನಾಲ್ಕನೆಯ ಮಹಡಿಯ ವಾರ್ಡಿಗೆ ಫೋನು ಮಾಡಿದಳು. ಎಂಗೇಜು. ಮತ್ತೆ ಮಾಡಿದಳು. ಎಂಗೇಜು. ಗೋಡೆಯ ಗಡಿಯಾರ ಒಂಬತ್ತು ದಾಟಿತು. ಮೂರನೆಯ ಸಲ ಎಡಗೈ ಸಿಸ್ಟರ್ ಸಿಕ್ಕರು.

"ಸಿಸ್ಟರ್, ಕೆಳಗಿನ ಗ್ರಂಥಾಲಯದಿಂದ. ಮಾತ್ರೆಯ ಸ್ಟ್ರಿಪ್ ಕೈಲಿದೆಯಾ? ಬಿಡಿ ಮಾತ್ರೆ ಬೇಡ, ಸ್ಟ್ರಿಪ್ ನೋಡಿ ಓದಿ. ಹಿಂದೆ ಸಣ್ಣ ಅಕ್ಷರದಲ್ಲಿರೋದೂ ಓದಿ... ಹೌದು... ನಿಧಾನವಾಗಿ ಬಿಡುಗಡೆಯಾಗುವಂಥದು ಅಂತ ಇದೆಯಾ? ಸರಿ. ಕೊಳವೆ ಮೂಗಿಂದ ಹೊಟ್ಟೆಗೆ ತಾನೆ? ಪುಡಿ ಮಾಡಿ ಕೊಡೋಕೆ ಶುರು ಮಾಡಿ ಎಷ್ಟು ದಿನ ಆಯ್ತು? ಕೊಟ್ಟ ಎಷ್ಟು ಹೊತ್ತಿಗೆ ಬೀಳ್ತಾರೆ?... ನಿಮಗೆ ಎಷ್ಟು ಹೊತ್ತಿದೆ?"

ಆ ಕಡೆಯಿಂದ ಏನೋ ಹೇಳಿದರು.

"ಇಪ್ಪತ್ತು ನಿಮಿಷ. ಸಾಕು. ಅಲ್ಲಿ ತನಕ ಕೊಡಬೇಡಿ ಅಂತ ಹೇಳೋ ಅಧಿಕಾರ ನನಗಿಲ್ಲ, ಸಿಸ್ಟರ್. ನೀವು ಕಾಯ್ತೀರಿ ಅಂತ ನಂಬಿದ್ದೀನಿ."

ಆಮೇಲೆ ಅವಳು ನಾನಿರುವುದನ್ನೇ ಮರೆತಳು. ಒಂದು ಕಡೆ ಮಾತ್ರೆ ತಯಾರಿಸಿದವರೇ ಹೊರಡಿಸಿದ ಕಾಗದ, ಇನ್ನೊಂದು ಕಡೆ ಪುಡಿ ಮಾಡಬಾರದ ಮಾತ್ರೆಗಳ ಪಟ್ಟಿ, ಮತ್ತೊಂದು ಕಡೆ ಎಲ್ಲೋ ಯಾರೋ ವೈದ್ಯರು ಬರೆದ ಎರಡು ಪುಟದ ವರದಿ. ಒಂದರಲ್ಲಿ ಸಿಕ್ಕಿದ್ದು ಸಾಕೆಂದು ಅವಳು ನಿಲ್ಲಲಿಲ್ಲ. ನನಗೆ ಕೂಗಬೇಕೆನಿಸುತ್ತಿತ್ತು. ಒಂಬತ್ತು ಹದಿನೆಂಟು. ಅವಳು ಕಾಗದದ ಮೇಲಿನ ವರ್ಷ ನೋಡಿದಳು. ಹಳೆಯದೆಂದು ಒಂದನ್ನು ಬದಿಗಿಟ್ಟು ಹೊಸದನ್ನು ಹುಡುಕಿದಳು. ಒಂಬತ್ತು ಇಪ್ಪತ್ತೊಂದು. ಮೂರು ಹಾಳೆ ಮುದ್ರಿಸಿ, ಬೇಕಾದ ಸಾಲುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ವಾರ್ಡಿಗೆ ಫೋನು ಮಾಡಿದಳು.

ಗಂಟೆ ಬಾರಿಸಿತು, ಬಾರಿಸಿತು. ಯಾರೂ ಎತ್ತಲಿಲ್ಲ.

"ನಡೀರಿ ಸಾರ್."

ಲಿಫ್ಟು ಮೂರನೆಯ ಮಹಡಿಯಲ್ಲಿ ನಿಂತೇಬಿಟ್ಟಿತ್ತು. ಅವಳು ಮೆಟ್ಟಿಲು ಹಿಡಿದಳು. ನನ್ನ ಮಂಡಿಗಳನ್ನು ದೇವರೇ ಕಾಯಬೇಕು. ಎರಡನೆಯ ಮಹಡಿಯ ತನಕ ಹಿಂದೆಯೇ ಹೋದೆ, ಆಮೇಲೆ ಕಂಬಿ ಹಿಡಿದು ಹತ್ತಿದೆ. ನಾನು ವಾರ್ಡಿನ ಬಾಗಿಲಿಗೆ ಬಂದಾಗ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಭಾವನವರ ಮಂಚದ ಒಂದು ಬದಿಯಲ್ಲಿ ಹೆಡ್ ಸಿಸ್ಟರು. ಎರಡು ಮಾತ್ರೆಗಳನ್ನು ತಾವೇ ಕುಟ್ಟಿ, ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ದೊಡ್ಡ ಸಿರಿಂಜಿಗೆ ತುಂಬಿಕೊಂಡಿದ್ದರು. ತಿಳಿಗೆಂಪು ನೀರು. ಇನ್ನೊಂದು ಬದಿಯಲ್ಲಿ ಎಡಗೈ ಸಿಸ್ಟರು. ಕೊಳವೆಯ ತುದಿ ಅವರ ಎಡಗೈ ಮುಷ್ಟಿಯೊಳಗಿತ್ತು.

"ಕೈ ತೆಗಿ."

"ತೆಗೆಯಲ್ಲ ಮೇಡಂ. ಐದು ನಿಮಿಷ."

"ಡಾಕ್ಟರು ಬರೆದ ಔಷಧ ಇದು. ನಿನ್ನ ಕೆಲಸ ಹೋಗ್ತದೆ, ನೋಡು."

"ಹೋಗ್ಲಿ ಮೇಡಂ."

ಅಷ್ಟರಲ್ಲಿ ಬೀರು ಮಂಚದ ಬಳಿ ಹೋಗಿ ನಿಂತಿದ್ದಳು, ಏದುಸಿರು ಬಿಡುತ್ತ. ಹೆಡ್ ಸಿಸ್ಟರು ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು. "ನೀವ್ಯಾರು? ರೋಗಿಯ ಕಡೆಯವರು ಒಬ್ಬರೇ ಇರಬೇಕು."

"ಗ್ರಂಥಾಲಯದವಳು, ಸಿಸ್ಟರ್. ಕೆಳಗಿಂದ."

"ಪುಸ್ತಕದವರೂ ವೈದ್ಯ ಶುರು ಮಾಡಿದ್ರಾ?"

"ಇಲ್ಲ ಸಿಸ್ಟರ್. ನನಗೆ ವೈದ್ಯ ಗೊತ್ತಿಲ್ಲ." ಅವಳು ಹಾಳೆಗಳನ್ನು ಔಷಧದ ತಟ್ಟೆಯ ಪಕ್ಕದಲ್ಲಿ, ಗೆರೆ ಎಳೆದ ಪುಟ ಮೇಲೆ ಬರುವಂತೆ ಇಟ್ಟಳು. "ಇದನ್ನ ಒಮ್ಮೆ ಓದಿ. ಆಮೇಲೆ ನೀವು ಹೇಗೆ ಹೇಳಿದ್ರೆ ಹಾಗೆ."

ಅಂದು ನನ್ನ ಮೇಜಿನ ಮೇಲೆ ತಿಮಿಂಗಿಲದ ಪುಟವನ್ನಿಟ್ಟಾಗ ಇದ್ದದ್ದೂ ಇದೇ ಧ್ವನಿ.

ಹೆಡ್ ಸಿಸ್ಟರು ಸಿರಿಂಜನ್ನು ಕೆಳಗಿಡದೆ, ಇನ್ನೊಂದು ಕೈಯಿಂದ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡರು. ಓದಿದರು. ಆ ಮಾತ್ರೆ ಇಡೀ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕರಗಲೆಂದು ಮಾಡಿದ್ದು. ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಂದೇ ಏಟಿಗೆ ರಕ್ತಕ್ಕೆ ಸೇರುತ್ತದೆ, ಸಂಜೆಗೆ ಏನೂ ಉಳಿಯುವುದಿಲ್ಲ ಎಂದು ಮೊದಲ ಹಾಳೆಯಲ್ಲಿತ್ತು. ಮೂರನೆಯ ಹಾಳೆಯಲ್ಲಿ, ಹೀಗೆಯೇ ಪುಡಿ ಮಾಡಿ ಕೊಳವೆಯಲ್ಲಿ ಕೊಟ್ಟ ಒಬ್ಬ ರೋಗಿಯ ಕಥೆ. ಅವರು ಬದುಕಿರಲಿಲ್ಲ.

ಹೆಡ್ ಸಿಸ್ಟರು ಮೂರನೆಯ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಸಿರಿಂಜನ್ನು ಬಹಳ ನಿಧಾನವಾಗಿ, ತುಂಬಿದ ಲೋಟವನ್ನು ಇಡುವಂತೆ, ತಟ್ಟೆಯಲ್ಲಿಟ್ಟರು. ಕೊಳವೆಯನ್ನು ಹಿಡಿದಿದ್ದ ಕೈಯನ್ನು ನೋಡಿ, "ಬಿಡಮ್ಮ ಇನ್ನು. ಬೆರಳು ಬಿಳಿಚಿಕೊಂಡಿದೆ" ಎಂದರು.

ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ಹೆಡ್ ಸಿಸ್ಟರೇ ಫೋನು ಹಿಡಿದು, ಅಲ್ಲಿಯ ಸಹಾಯಕರನ್ನು ಗದರಿಸಿ, ಅವರ ಕಿವಿಗೆ ಫೋನು ಕೊಡಿಸಿದರು. ನಾನು ಹತ್ತಿರವೇ ಇದ್ದೆ. "ಡಾಕ್ಟ್ರೇ, ಮೂರು ದಿನ ಈ ಮಾತ್ರೆ ಕುಟ್ಟಿ ಕೊಟ್ಟಿದ್ದೀವಿ. ಕುಟ್ಟಬಾರದಾಗಿತ್ತು. ಹೊಣೆ ನನ್ನದು. ಕಂಡುಹಿಡಿದಿದ್ದು ಇಲ್ಲಿನ ಸಿಸ್ಟರು. ಕಾಗದ ನನ್ನ ಕೈಲಿದೆ, ಓದ್ಲಾ?" ಎಂದರು. ಓದಿದರು. ಆಮೇಲೆ ಡಾಕ್ಟರು ಆ ಮಾತ್ರೆಯನ್ನು ನಿಲ್ಲಿಸಿ, ಕೊಳವೆಯಲ್ಲಿ ಕೊಡಬಹುದಾದ ಬೇರೊಂದನ್ನು ದಿನಕ್ಕೆ ಮೂರು ಸಲ ಸಣ್ಣ ಪ್ರಮಾಣದಲ್ಲಿ ಹೇಳಿದರು.

ಹತ್ತು ಗಂಟೆಯ ತನಕ ಯಾರೂ ಆ ಮಂಚವನ್ನು ಬಿಟ್ಟು ಹೋಗಲಿಲ್ಲ. ಬೀರು ಕೂಡ. ಗ್ರಂಥಾಲಯದ ಬಾಗಿಲಿಗೆ ಬೀಗ ಹಾಕಿಲ್ಲವೆಂದು ಎರಡು ಸಲ ಹೇಳಿದಳು, ಆದರೆ ಕದಲಲಿಲ್ಲ. ಎಡಗೈ ಸಿಸ್ಟರ್ ಭಾವನವರ ತೋಳಿಗೆ ಒತ್ತಡ ನೋಡುವ ಪಟ್ಟಿ ಸುತ್ತಿದರು. ಅದು ಉಬ್ಬಿತು, ಮೆಲ್ಲಗೆ ಇಳಿಯಿತು. ನಾನು ಅಂಕಿಯನ್ನು ನೋಡದೆ ಸಿಸ್ಟರ ಮುಖವನ್ನೇ ನೋಡುತ್ತಿದ್ದೆ.

"ನೂರ ನಲವತ್ತೆಂಟು" ಎಂದರು ಅವರು. ಇನ್ನರ್ಧ ಗಂಟೆಗೆ ನೂರ ನಲವತ್ತು. ಸಂಜೆ ನೂರ ಐವತ್ತೆರಡು. ಅಂದು ಭಾವನವರ ಒತ್ತಡ ಬೀಳಲೂ ಇಲ್ಲ, ಏರಲೂ ಇಲ್ಲ.

ಮಧ್ಯಾಹ್ನ ನಾನು ಬೀರುವಿಗೆ ಒಂದು ಮಾತು ಹೇಳಿಬರೋಣವೆಂದು ಕೆಳಗಿಳಿದಾಗ ಅವಳ ಎದುರು ಹೆಡ್ ಸಿಸ್ಟರು ಕುಳಿತಿದ್ದರು. ಕೊಳವೆ ಹಾಕಿದ ಏಳು ರೋಗಿಗಳ ಮಾತ್ರೆಗಳನ್ನೆಲ್ಲ ಬರೆದು ತಂದಿದ್ದರು. ಒಂದೊಂದಾಗಿ ನೋಡಿ ಮುಗಿದ ಮೇಲೂ ಅವರು ಏಳಲಿಲ್ಲ.

"ಇಪ್ಪತ್ತೆಂಟು ವರ್ಷ ಕುಟ್ಟಿದ್ದೀನಮ್ಮ" ಎಂದರು. "ಎಷ್ಟೋ ಜನ ಹತ್ತು ಗಂಟೆಗೆ ಬಿದ್ದಿದ್ದಾರೆ. ಕಾಯಿಲೆ ಜೋರಾಯ್ತು ಅಂದುಕೊಂಡ್ವಿ. ಅದಕ್ಕೇನಾದರೂ ನಿನ್ನ ಹತ್ತಿರ ಕಾಗದ ಇದೆಯಾ?"

ಬೀರು ಯಾವ ಪ್ರಶ್ನೆಗೂ ತಡವರಿಸಿದವಳಲ್ಲ. ಅಂದು ಮಾತ್ರ ಅವಳು ತಲೆ ತಗ್ಗಿಸಿ, "ಇಲ್ಲ ಸಿಸ್ಟರ್" ಎಂದಳು. ಆಮೇಲೆ ತನ್ನ ಊಟದ ಡಬ್ಬಿಯನ್ನು ತೆರೆದು ಅವರ ಕಡೆ ಸರಿಸಿದಳು. ನಾನು ಬಾಗಿಲಿನಿಂದಲೇ ಹಿಂದಿರುಗಿದೆ.

ವಾರ್ಡಿನ ಫೋನಿನ ಮೇಲೆ ಹೊದಿಕೆ ಒಗೆಯುವವರ ನಂಬರಿನ ಚೀಟಿ ಅಂಟಿಸಿತ್ತು. ಮರುದಿನ ಎಡಗೈ ಸಿಸ್ಟರ್ ಅದನ್ನು ಉಗುರಿನಿಂದ ಕೆರೆದು ತೆಗೆದರೆ ಕೆಳಗೆ ಇನ್ನೊಂದು ಚೀಟಿ ಇತ್ತು: 'ಗ್ರಂಥಾಲಯ, ನಾಲ್ಕು ಒಂದು ಏಳು. ಯಾವ ಪ್ರಶ್ನೆಯಾದರೂ ಕೇಳಿ.' ಬೀರುವಿನ ಅಕ್ಷರವೇ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಎಲ್ಲ ವಾರ್ಡುಗಳ ಫೋನಿಗೂ ಅವಳೇ ಹೋಗಿ ಅಂಟಿಸಿದ್ದಳಂತೆ.

ಭಾವನವರು ಇಪ್ಪತ್ತು ದಿನಗಳ ಮೇಲೆ ಮನೆಗೆ ಹೊರಟರು. ಗಾಲಿಕುರ್ಚಿಯನ್ನು ನಾನೇ ತಳ್ಳುತ್ತಿದ್ದೆ. ನಮ್ಮಕ್ಕ ಅವಳನ್ನು ನೋಡಲೇಬೇಕೆಂದು ಹಟ ಹಿಡಿದುದರಿಂದ ನೆಲಮಾಳಿಗೆಗೆ ಇಳಿದೆವು. ಗಾಜಿನ ಬಾಗಿಲಿನ ಒಳಗೆ ಇಬ್ಬರು ಸಿಸ್ಟರುಗಳು ಕಂಪ್ಯೂಟರಿನ ಮುಂದೆ ಬಗ್ಗಿ ನಿಂತಿದ್ದರು. ಬೀರು ಹೊರಗೆ ಬಂದು ಭಾವನವರ ಕೈ ಹಿಡಿದುಕೊಂಡಳು. ಅವರು ಅವಳ ರವಿಕೆಯ ತೋಳಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು, ಹೊಲಿಗೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯೋ, ಇವರಿಗೂ ತಪ್ಪು ಹೇಳ್ತಾರಲ್ಲಪ್ಪ" ಎಂದು ನಮ್ಮಕ್ಕ ಹಣೆ ಚಚ್ಚಿಕೊಂಡಳು.

ಭಾವನವರು ಬಹಳ ಹೊತ್ತು ನೋಡಿದರು. ಆಮೇಲೆ ಆ ಅಂಚನ್ನು ಮೆಲ್ಲಗೆ ನೀವಿ, ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿದರು.